ಕಾರಣ ಮತ್ತು ಕಾರಣಕಥೆ: ಜೀವವಿಜ್ಞಾನದ ತತ್ತ್ವಬೋಧನೆಯಲ್ಲಿ ಜನಪದ ಸಾಮಗ್ರಿ

ಜೀವವಿಜ್ಞಾನವನ್ನು ಕಲಿಸುವುದು ಬೇರೆ. ಜೀವವಿಜ್ಞಾನವೆಂಬುದು ಯಾವ ಬಗೆಯ ತಿಳಿವಳಿಕೆ ಎಂಬುದನ್ನು ಕಲಿಸುವುದು ಬೇರೆ. ಮೊದಲನೆಯದಕ್ಕೆ ಶಾಲಾ ಕಾಲೇಜುಗಳಲ್ಲಿ ಪಠ್ಯಪುಸ್ತಕ, ಪ್ರಯೋಗಾಲಯ, ಪರೀಕ್ಷೆ ಎಲ್ಲವೂ ಇವೆ. ಎರಡನೆಯದಕ್ಕೆ ಹೆಚ್ಚಿನ ಕಡೆಗಳಲ್ಲಿ ಒಂದು ತರಗತಿಯ ಅವಧಿಯೂ ಇಲ್ಲ. ಪ್ರಭೇದವೆಂಬುದು ನಿಸರ್ಗದಲ್ಲಿಯೇ ಇರುವ ವಾಸ್ತವವೋ, ಮನುಷ್ಯ ತನ್ನ ಅನುಕೂಲಕ್ಕಾಗಿ ಎಳೆದುಕೊಂಡ ಗೆರೆಯೋ? ಹೃದಯವಿರುವುದು ರಕ್ತವನ್ನು ಹರಿಸುವುದಕ್ಕಾಗಿ ಎಂದಾಗ ಆ 'ಕ್ಕಾಗಿ' ಎಂಬುದರ ಅರ್ಥವೇನು? ಯಾರೂ ಕಣ್ಣಾರೆ ಕಾಣದ ಗತಕಾಲದ ಘಟನೆಗೆ ಪುರಾವೆ ಎಂಬುದು ಹೇಗೆ ಸಾಧ್ಯ? ಒಂದು ಜೀವಿ ಎಂದು ಎಣಿಸುವಾಗ ಆ 'ಒಂದು' ಎಲ್ಲಿ ಮುಗಿಯುತ್ತದೆ? ಇಂಥ ಪ್ರಶ್ನೆಗಳನ್ನು ಒಂದು ಶಿಸ್ತಾಗಿ ಅಭ್ಯಸಿಸುವ ಜೀವವಿಜ್ಞಾನದ ತತ್ತ್ವಶಾಸ್ತ್ರವು ಪಶ್ಚಿಮದಲ್ಲಿಯೂ ಬಹಳ ಹಳೆಯದಲ್ಲ. ಡೇವಿಡ್ ಹಲ್ ಅವರ ಪಠ್ಯ ಪ್ರಕಟವಾದದ್ದು ೧೯೭೪ರಲ್ಲಿ. ಮೈಕೆಲ್ ರೂಸ್ ಅವರು ಆರಂಭಿಸಿದ 'ಬಯಾಲಜಿ ಅಂಡ್ ಫಿಲಾಸಫಿ' ಎಂಬ ನಿಯತಕಾಲಿಕ ಹೊರಬಂದದ್ದು ೧೯೮೬ರಲ್ಲಿ. ವಿದ್ಯಾರ್ಥಿಗಳ ನಡುವೆ ಹೆಚ್ಚು ಬಳಕೆಗೆ ಬಂದ ಎಲಿಯಟ್ ಸೋಬರ್ ಅವರ ಗ್ರಂಥ ೧೯೯೩ರದು.

ಈ ಪ್ರಶ್ನೆಗಳು ಕೇವಲ ವಿದ್ವಾಂಸರ ಚರ್ಚೆಗೆ ಸೇರಿದವು ಎಂದು ಬದಿಗಿಡುವಂತಿಲ್ಲ. ೨೦೧೮ರ ಜನವರಿಯಲ್ಲಿ ಕೇಂದ್ರದ ಸಚಿವರೊಬ್ಬರು, ವಾನರನು ನರನಾದುದನ್ನು ನಮ್ಮ ಪೂರ್ವಿಕರಾರೂ ನೋಡಿದ್ದಾಗಿ ಹೇಳಿಲ್ಲವಾದುದರಿಂದ ಡಾರ್ವಿನ್ನನ ಸಿದ್ಧಾಂತ ತಪ್ಪು ಎಂಬರ್ಥದ ಮಾತನ್ನಾಡಿದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ನಿರಾಕರಿಸುವ ಹೇಳಿಕೆ ನೀಡಬೇಕಾಯಿತು. ೨೦೨೩ರಲ್ಲಿ ಎನ್‌ಸಿಇಆರ್‌ಟಿ ಸಿದ್ಧಪಡಿಸಿದ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ಆನುವಂಶೀಯತೆ ಮತ್ತು ವಿಕಾಸವೆಂಬ ಅಧ್ಯಾಯವು ಬರಿಯ ಆನುವಂಶೀಯತೆಯಾಗಿ ಉಳಿದಾಗ ೧,೮೦೦ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಪದವಿಪೂರ್ವ ಎರಡನೆಯ ವರ್ಷದಲ್ಲಿ ಜೀವವಿಜ್ಞಾನವನ್ನು ಆರಿಸಿಕೊಂಡವರಿಗೆ ಆ ಪಾಠ ಉಳಿದಿದೆ, ನಿಜ. ಆದರೆ ಹತ್ತನೆಯ ತರಗತಿಯ ಬಳಿಕ ಕಲೆ, ವಾಣಿಜ್ಯಗಳತ್ತ ಹೊರಳುವವರು ಅದನ್ನು ಎಂದೂ ಓದದೆ ಹೋಗಬಹುದು. ಮುಂದೆ ಕನ್ನಡ, ಜಾನಪದ, ಇತಿಹಾಸಗಳ ಅಧ್ಯಾಪಕರಾಗುವವರೂ ಇವರೇ ಎಂಬುದನ್ನು ನೆನೆದರೆ ಸಮಸ್ಯೆಯ ಆಳ ತಿಳಿಯುತ್ತದೆ. ಇಂಥ ವಿದ್ಯಾರ್ಥಿಗಳಿಗೆ ಜೀವವಿಜ್ಞಾನದ ತಾತ್ವಿಕ ಪ್ರಶ್ನೆಗಳನ್ನು ಅವರು ಬಲ್ಲ ಸಾಮಗ್ರಿಯ ಮೂಲಕವೇ ತಲುಪಿಸಬಹುದೆ ಎಂಬುದು ಪ್ರಸ್ತುತ ಲೇಖನದ ವಿಚಾರ.

ಜನಪದ ಸಾಮಗ್ರಿಯನ್ನು ವಿಜ್ಞಾನದ ತರಗತಿಗೆ ತರುವಲ್ಲಿ ಎರಡು ತಪ್ಪು ದಾರಿಗಳು ಈಗಾಗಲೇ ಸವೆದಿವೆ. ಜನಪದರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂಬುದು ಒಂದು. ಅದೆಲ್ಲವೂ ಮೂಢನಂಬಿಕೆ ಎಂಬುದು ಇನ್ನೊಂದು. ಎರಡೂ ದಾರಿಗಳಲ್ಲಿ ಸಾಮಗ್ರಿಯನ್ನು ಓದುವ ಕೆಲಸ ತಪ್ಪಿಹೋಗುತ್ತದೆ. ದಶಾವತಾರದಲ್ಲಿ ವಿಕಾಸವಾದವಿದೆ ಎಂಬ ಜನಪ್ರಿಯ ವಾದವನ್ನೇ ನೋಡಬಹುದು. ಮೀನು, ಆಮೆ, ಹಂದಿ, ನರಸಿಂಹ ಎಂಬ ಅನುಕ್ರಮ ಮೇಲುನೋಟಕ್ಕೆ ಆಕರ್ಷಕವಾದುದು. ಆದರೆ ಅವತಾರದಲ್ಲಿ ಒಂದೇ ಚೈತನ್ಯವು ಸಂಕಲ್ಪಪೂರ್ವಕವಾಗಿ ಬೇರೆ ಬೇರೆ ರೂಪಗಳನ್ನು ತಾಳುತ್ತದೆ. ಮೀನು ಆಮೆಯನ್ನು ಹೆರುವುದಿಲ್ಲ. ವಿಕಾಸದಲ್ಲಿ ಸಂಕಲ್ಪವಿಲ್ಲ, ಸಂತತಿಯಿದೆ. ಒಂದು ಸಮುದಾಯದೊಳಗಿನ ಸಣ್ಣ ಸಣ್ಣ ವ್ಯತ್ಯಾಸಗಳಲ್ಲಿ ಕೆಲವು ಹೆಚ್ಚು ಉಳಿದು, ಕೆಲವು ಅಳಿದು, ತಲೆಮಾರುಗಳ ಮೇಲೆ ಸಮುದಾಯವೇ ಬದಲಾಗುತ್ತದೆ. ಈ ಅಂತರವನ್ನು ವಿವರಿಸಿ ಹೇಳುವುದರಿಂದ ಪುರಾಣಕ್ಕೂ ಅವಮಾನವಾಗುವುದಿಲ್ಲ, ವಿಜ್ಞಾನಕ್ಕೂ ಹಾನಿಯಿಲ್ಲ.

ಹೆಸರುಗಳಿಂದ ಆರಂಭಿಸುವುದು ಸುಲಭ. ಕನ್ನಡದಲ್ಲಿ ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ ಎಂಬ ಮೂರು ಹೆಸರುಗಳಿವೆ. ಮೊದಲನೆಯದು ಗೊರಸಿನ ಪ್ರಾಣಿ, ಎರಡನೆಯದು ಇಲಿ ಅಳಿಲುಗಳಂತೆ ದಂಶಕಗಳ ಗುಂಪಿನದು, ಇರುವೆ ಗೆದ್ದಲುಗಳನ್ನು ತಿಂದು ಬದುಕುವ ಮೂರನೆಯದು ಇವೆರಡಕ್ಕೂ ಸೇರದ ಪ್ರತ್ಯೇಕ ಗಣ. ಹಾಗೆಯೇ ಕಾಗೆ, ನೀರುಕಾಗೆ, ಕೆಂಬೂತಕ್ಕೆ ಕೆಲವೆಡೆ ಇರುವ ಸಂಬಾರಗಾಗೆ ಎಂಬ ಹೆಸರು. ಕೆಂಬೂತವು ಕೋಗಿಲೆಯ ಕುಟುಂಬದ ಹಕ್ಕಿ. ನೀರುಕಾಗೆ ಕಾಗೆಗೆ ದೂರದ ನಂಟೂ ಅಲ್ಲ. ಇಲ್ಲಿ ಜನಪದರು ತಪ್ಪಿದರು ಎಂದು ಹೇಳಿ ಮುಂದೆ ಹೋಗುವ ಅಧ್ಯಾಪಕನು ಒಳ್ಳೆಯ ಪಾಠವೊಂದನ್ನು ಕಳೆದುಕೊಳ್ಳುತ್ತಾನೆ. ಈ ಹೆಸರುಗಳು ರೂಪ, ಬಣ್ಣ, ನೆಲೆಗಳನ್ನು ಆಧರಿಸಿದ ವರ್ಗೀಕರಣ. ಆಧುನಿಕ ವರ್ಗೀಕರಣವು ವಂಶಾವಳಿಯನ್ನು ಆಧರಿಸಿದುದು. ಯಾವ ಆಧಾರವನ್ನು ಹಿಡಿಯಬೇಕು, ಏಕೆ ಹಿಡಿಯಬೇಕು ಎಂಬುದೇ ತಾತ್ವಿಕ ಪ್ರಶ್ನೆ. ಅಡವಿಯಲ್ಲಿ ಓಡಾಡುವವನಿಗೆ ಮೊದಲನೆಯದು ಸಾಕು. ಕೆಂಬೂತವು ತನ್ನ ಗೂಡನ್ನು ತಾನೇ ಕಟ್ಟುವಾಗ ಅದರ ನಂಟನಾದ ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದು ಏಕೆ ಎಂದು ಕೇಳುವವನಿಗೆ ಎರಡನೆಯದು ಬೇಕಾಗುತ್ತದೆ.

ಪ್ರಭೇದವು ವಾಸ್ತವವೆಂಬ ಪಕ್ಷಕ್ಕೆ ಜನಪದ ಜ್ಞಾನವೇ ಸಾಕ್ಷಿಯಾಗಿ ನಿಂತ ಪ್ರಸಿದ್ಧ ಪ್ರಸಂಗವೊಂದಿದೆ. ೧೯೨೮-೨೯ರ ಸುಮಾರಿನಲ್ಲಿ ನ್ಯೂಗಿನಿಯ ಬೆಟ್ಟಗಳಲ್ಲಿ ಹಕ್ಕಿಗಳ ಸಂಗ್ರಹಕ್ಕೆ ಹೋದ ಅರ್ನ್‌ಸ್ಟ್ ಮೇಯರ್, ತಾನು ೧೩೭ ಪ್ರಭೇದಗಳೆಂದು ಗುರುತಿಸಿದ ಹಕ್ಕಿಗಳಿಗೆ ಅಲ್ಲಿನ ಬುಡಕಟ್ಟಿನವರಲ್ಲಿ ೧೩೬ ಹೆಸರುಗಳಿದ್ದುದನ್ನು ಕಂಡರು. ಪರಸ್ಪರ ಸಂಪರ್ಕವಿಲ್ಲದ ಎರಡು ಪರಂಪರೆಗಳು ಒಂದೇ ಕಡೆ ಗೆರೆ ಎಳೆದಿದ್ದರೆ ಆ ಗೆರೆ ನಿಸರ್ಗದಲ್ಲಿಯೇ ಇರಬೇಕೆಂಬುದು ಅವರ ವಾದ. ಇದಕ್ಕೆ ಎದುರಾಗಿ ಅದೇ ದ್ವೀಪದ ಇನ್ನೊಂದು ಉದಾಹರಣೆಯನ್ನು ಇಡಬೇಕು. ಕ್ಯಾಸೊವರಿ ಹಕ್ಕಿಯೇಕಲ್ಲ ಎಂಬ ಶೀರ್ಷಿಕೆಯ ೧೯೬೭ರ ಲೇಖನದಲ್ಲಿ ರಾಲ್ಫ್ ಬುಲ್ಮರ್, ಕರಾಮ್ ಜನರು ಬಾವಲಿಯನ್ನು ಹಕ್ಕಿಗಳೊಡನೆ ಸೇರಿಸಿ, ಹಾರಲಾರದ ಕ್ಯಾಸೊವರಿಯನ್ನು ಆ ಗುಂಪಿನಿಂದ ಹೊರಗಿಟ್ಟಿರುವುದನ್ನು ವಿವರಿಸಿದರು. ಆ ಪ್ರಾಣಿಗೆ ಅವರ ಬಂಧುತ್ವದ ಕಲ್ಪನೆಯಲ್ಲಿ ವಿಶೇಷ ಸ್ಥಾನವಿರುವುದೂ ಇದಕ್ಕೆ ಕಾರಣವೆಂದು ಅವರು ತೋರಿಸಿದರು. ಕೆಳಹಂತದ ಹೆಸರುಗಳಲ್ಲಿ ನಿಸರ್ಗದ ಒತ್ತಡ ಹೆಚ್ಚು, ಮೇಲಿನ ಗುಂಪುಗಳಲ್ಲಿ ಸಂಸ್ಕೃತಿಯ ಕೈ ಹೆಚ್ಚು ಎಂದು ಈ ಎರಡು ಪ್ರಸಂಗಗಳನ್ನು ಹೊಂದಿಸಿಕೊಳ್ಳಬಹುದು. ಹಕ್ಕಿಗಳ ಪಕ್ಷವನ್ನೂ ಮೃಗಗಳ ಪಕ್ಷವನ್ನೂ ಬದಲಿಸಿ ಕೊನೆಗೆ ಎರಡಕ್ಕೂ ಬೇಡವಾದ ಬಾವಲಿಯ ಕಥೆಯನ್ನು ಬಲ್ಲ ಮಕ್ಕಳಿಗೆ ಇದು ಹೊಸ ಸಮಸ್ಯೆಯೇನೂ ಅಲ್ಲ.

ಇಲ್ಲಿ ಕನ್ನಡದ ತರಗತಿಗೆ ವಿಶಿಷ್ಟವಾದ ತೊಡಕೊಂದಿದೆ. 'ಜಾತಿ' ಎಂಬ ಪದ ನ್ಯಾಯದರ್ಶನದಲ್ಲಿ ಸಾಮಾನ್ಯಧರ್ಮವನ್ನು ಸೂಚಿಸುವ ಪರಿಭಾಷೆ. ಆಡುಮಾತಿನಲ್ಲಿ ಮಾವಿನ ಜಾತಿ, ಹಾವಿನ ಜಾತಿ ಎಂಬಲ್ಲಿ ಪ್ರಭೇದ ಅಥವಾ ತಳಿ. ಸಮಾಜದಲ್ಲಿ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಪದ ಮೂರು ಕಡೆ ದುಡಿಯುವಾಗ ಮನುಷ್ಯರ ಜಾತಿಗಳೂ ಹಾವು ಮಾವುಗಳ ಜಾತಿಗಳಂತೆ ಹುಟ್ಟಿನಿಂದಲೇ ಬೇರೆಯಾದ ಸತ್ವವುಳ್ಳವು ಎಂಬ ಊಹೆ ಸದ್ದಿಲ್ಲದೆ ನುಸುಳುತ್ತದೆ. ಪ್ರತಿಯೊಂದು ಗುಂಪಿಗೂ ಬದಲಾಗದ ಸತ್ವವೊಂದಿದೆ, ವ್ಯಕ್ತಿಗಳ ನಡುವಿನ ವ್ಯತ್ಯಾಸ ಕೇವಲ ಲೋಪ ಎಂಬ ಚಿಂತನೆಯನ್ನು ಮೇಯರ್ ಅವರು ಮಾದರಿನಿಷ್ಠವೆಂದು ಕರೆದು, ಡಾರ್ವಿನ್ನನ ನಿಜವಾದ ಕ್ರಾಂತಿಯಿರುವುದು ಅದನ್ನು ಕೈಬಿಟ್ಟು ಸಮುದಾಯನಿಷ್ಠವಾಗಿ ಯೋಚಿಸಿದ್ದರಲ್ಲಿ ಎಂದರು. ಇಲ್ಲಿ ವ್ಯತ್ಯಾಸವೇ ವಾಸ್ತವ. ಮಾದರಿ ಎಂಬುದು ಸರಾಸರಿಯಷ್ಟೆ. ರಿಚರ್ಡ್ ಲೆವೊಂಟಿನ್ ೧೯೭೨ರಲ್ಲಿ ಮನುಷ್ಯರ ಆನುವಂಶಿಕ ಭಿನ್ನತೆಯನ್ನು ಲೆಕ್ಕಹಾಕಿದಾಗ ಅದರ ಶೇಕಡ ೮೫ರಷ್ಟು ಯಾವುದೇ ಒಂದು ಜನಸಮುದಾಯದ ಒಳಗೇ ಇರುವುದು ಕಂಡುಬಂದಿತು. ಪ್ರಭೇದವನ್ನು ಕುರಿತ ಪಾಠವನ್ನು 'ಜಾತಿ' ಎಂಬ ಪದದ ಚರ್ಚೆಯಿಲ್ಲದೆ ಮುಗಿಸುವುದು ಕನ್ನಡದಲ್ಲಿ ಅಪೂರ್ಣ ಬೋಧನೆ. ಪಠ್ಯಕಾರರು ಆ ಪದವನ್ನು ಬಿಟ್ಟು 'ಪ್ರಭೇದ'ವನ್ನು ಹಿಡಿದಿರುವುದು ಸರಿಯೇ. ಆದರೆ ಮೌನವಾಗಿ ಬಿಟ್ಟಿರುವುದರಿಂದ ತೊಡಕು ಹಾಗೆಯೇ ಉಳಿದಿದೆ.

ಸಮುದಾಯನಿಷ್ಠ ಚಿಂತನೆಗೆ ಬೇಕಾದ ಕಣ್ಣು ಗ್ರಾಮೀಣ ವಿದ್ಯಾರ್ಥಿಗಳಲ್ಲಿ ಇಲ್ಲದಿಲ್ಲ. ಕುರಿ ಕಾಯುವವನಿಗೆ ಹಿಂಡಿನ ಕುರಿಗಳೆಲ್ಲ ಒಂದೇ ಅಲ್ಲ, ಪ್ರತಿಯೊಂದರ ಗುರುತೂ ಬೇರೆ. ದನದ ಜಾತ್ರೆಯಲ್ಲಿ ಎತ್ತಿನ ಸುಳಿ ನೋಡುವ ರೈತ ಮೈಮೇಲಿನ ಕೂದಲಿನ ಸುತ್ತು ಎಲ್ಲಿದೆ ಎಂಬ ಅತಿ ಸಣ್ಣ ವ್ಯತ್ಯಾಸವನ್ನು ಗಮನಿಸುತ್ತಾನೆ. ಆ ಸುಳಿಯಿಂದ ಮನೆಗೆ ಏಳಿಗೆಯೋ ಕೇಡೋ ಎಂಬ ತೀರ್ಮಾನವನ್ನು ಒಪ್ಪಬೇಕಾಗಿಲ್ಲ. ನೋಟವನ್ನು ಮಾತ್ರ ತರಗತಿಗೆ ಬರಮಾಡಿಕೊಳ್ಳಬಹುದು. ಡಾರ್ವಿನ್ ತನ್ನ ೧೮೫೯ರ ಗ್ರಂಥವನ್ನು ಆರಂಭಿಸಿದ್ದೂ ಸಾಕುಪ್ರಾಣಿಗಳ, ಮುಖ್ಯವಾಗಿ ಪಾರಿವಾಳಗಳ ತಳಿಗಾರರ ಕಣ್ಣಿನಿಂದಲೇ. ಹಳ್ಳಿಕಾರ್, ಅಮೃತಮಹಲ್ ತಳಿಗಳನ್ನು ಕಂಡ ನಾಡಿನಲ್ಲಿ ಪಾರಿವಾಳವನ್ನು ಹುಡುಕಿಕೊಂಡು ಹೋಗಬೇಕಾದ ಅಗತ್ಯವಿಲ್ಲ.

ಜಾನಪದ ವಿದ್ವಾಂಸರು ನಿಜವಾಗಿ ಹೆಚ್ಚಿನ ಕೊಡುಗೆ ನೀಡಬಹುದಾದ ಕ್ಷೇತ್ರ ಕಾರಣಕಥೆಗಳದು. ಕಾಗೆ ಏಕೆ ಕಪ್ಪು, ಆಮೆಯ ಚಿಪ್ಪೇಕೆ ಒಡೆದಂತಿದೆ, ಅಳಿಲಿನ ಬೆನ್ನಿಗೆ ಗೆರೆಗಳು ಹೇಗೆ ಬಂದವು ಎಂದು ವಿವರಿಸುವ ಕಥೆಗಳು ಲೋಕದ ಎಲ್ಲೆಡೆ ಇವೆ. ಸೇತುವೆ ಕಟ್ಟಲು ಮರಳು ಹೊತ್ತ ಅಳಿಲನ್ನು ರಾಮನು ಮೂರು ಬೆರಳುಗಳಿಂದ ನೇವರಿಸಿದನೆಂಬ ಕಥೆ ವಾಲ್ಮೀಕಿಯಲ್ಲಿಲ್ಲ, ಜನರ ಬಾಯಲ್ಲಿದೆ. ದಕ್ಷಿಣದ ಸಾಮಾನ್ಯ ಅಳಿಲಿಗೆ ಪಟ್ಟೆಗಳು ಮೂರು. ಉತ್ತರ ಭಾರತದಲ್ಲಿ ಹೆಚ್ಚಾಗಿ ಕಾಣುವ ಅಳಿಲಿಗೆ ಐದು. ಅಲ್ಲಿ ನೇವರಿಸಿದ ಬೆರಳುಗಳೂ ಹೆಚ್ಚಬೇಕಾಗುತ್ತದೆ. ಉತ್ತರ ಅಮೆರಿಕದ ಇರೋಕ್ವಾ ಮೂಲನಿವಾಸಿಗಳಲ್ಲಿ ಪಟ್ಟೆಯಳಿಲಿನ ಗೆರೆಗಳು ಕರಡಿಯ ಉಗುರಿನಿಂದಾದವು. ಒಂದು ಕಡೆ ಪ್ರೀತಿ, ಇನ್ನೊಂದು ಕಡೆ ಕೋಪ; ಕಥೆಯ ಕಟ್ಟು ಮಾತ್ರ ಒಂದೇ. ಮೊದಲಿಗೆ ಈಗ ಕಾಣುವ ಲಕ್ಷಣವಿದೆ. ಅದಕ್ಕೆ ಹೊಂದುವ ಒಂದೇ ಒಂದು ಘಟನೆಯನ್ನು ಹಿಂದಕ್ಕೆ ಕಲ್ಪಿಸಲಾಗುತ್ತದೆ. ಒಬ್ಬ ಪೂರ್ವಿಕನ ಮೈಗೆ ಬಿದ್ದ ಗುರುತು ಸಂತತಿಗೆಲ್ಲ ಹರಿಯುತ್ತದೆ.

ಈ ಕೊನೆಯ ಹಂತದಲ್ಲಿಯೇ ಆನುವಂಶೀಯತೆಯ ಪಾಠವಿದೆ. ಗಳಿಸಿದ ಗುರುತು ಮಕ್ಕಳಿಗೆ ಬರುತ್ತದೆಯೇ? ೧೯ನೆಯ ಶತಮಾನದ ಕೊನೆಯಲ್ಲಿ ಆಗಸ್ಟ್ ವೈಸ್‌ಮನ್ ತಲೆಮಾರು ತಲೆಮಾರುಗಳ ಇಲಿಗಳ ಬಾಲ ಕತ್ತರಿಸಿ, ಹುಟ್ಟಿದ ಮರಿಗಳಿಗೆ ಬಾಲವಿದ್ದೇ ಇರುವುದನ್ನು ತೋರಿಸಿದನು. ಈ ಪ್ರಯೋಗವನ್ನು ಪಾಠ ಹೇಳುವ ಮುನ್ನ ವಿದ್ಯಾರ್ಥಿಗಳನ್ನು ಅವರವರ ಮನೆಯ ವಿಷಯ ಕೇಳಿದರೆ ಸಾಕು. ಎಷ್ಟೋ ತಲೆಮಾರುಗಳಿಂದ ಕಿವಿ ಚುಚ್ಚಿಸಿಕೊಂಡು ಬಂದ ಮನೆತನಗಳಲ್ಲಿ ತೂತುಳ್ಳ ಕಿವಿಯ ಕೂಸು ಹುಟ್ಟಿಲ್ಲ. ಕಾರಣಕಥೆಯನ್ನು ಹೇಳುವ ಅಜ್ಜಿಗೂ ಇದು ಗೊತ್ತು. ಎಂದರೆ ಆಕೆ ಕಥೆಯನ್ನು ಪ್ರಾಣಿಶಾಸ್ತ್ರವೆಂದು ಹೇಳುತ್ತಿಲ್ಲ. ಅಲ್ಪನ ಸೇವೆಯೂ ದೊಡ್ಡದೆಂಬುದನ್ನು ಹೇಳಲು ಅಳಿಲಿನ ಬೆನ್ನನ್ನು ಬಳಸಿಕೊಳ್ಳುತ್ತಿದ್ದಾಳೆ.

ಕಥೆಯ ಈ ಕಟ್ಟನ್ನು ಗುರುತಿಸಬಲ್ಲ ವಿದ್ಯಾರ್ಥಿ ಅದನ್ನು ವಿಜ್ಞಾನದೊಳಗೂ ಗುರುತಿಸಬಲ್ಲ. ಸ್ಟೀಫನ್ ಜೇ ಗೂಲ್ಡ್ ಮತ್ತು ಲೆವೊಂಟಿನ್ ೧೯೭೯ರ ತಮ್ಮ ಲೇಖನದಲ್ಲಿ ಎತ್ತಿದ ಆಕ್ಷೇಪ ಇದನ್ನೇ ಕುರಿತದ್ದು. ಜೀವಿಯ ಯಾವುದೇ ಲಕ್ಷಣವನ್ನು ಕಂಡೊಡನೆ ಅದಕ್ಕೊಂದು ಪ್ರಯೋಜನವನ್ನು ಊಹಿಸಿ, ಆ ಪ್ರಯೋಜನಕ್ಕಾಗಿಯೇ ಅದು ಆಯ್ಕೆಗೊಂಡಿತೆಂದು ಹೇಳಿಬಿಡುವ ಜೀವವಿಜ್ಞಾನಿಗಳು ಕಿಪ್ಲಿಂಗನ ೧೯೦೨ರ ಮಕ್ಕಳ ಕಥೆಗಳಂಥವನ್ನು ಕಟ್ಟುತ್ತಿದ್ದಾರೆ ಎಂಬ ಟೀಕೆ ಈ ಚರ್ಚೆಯೊಡನೆ ಬೆಳೆದು ಬಂದಿತು. ಅವರಿಬ್ಬರು ಕೊಟ್ಟ ದೃಷ್ಟಾಂತ ವೆನಿಸ್ಸಿನ ಚರ್ಚಿನದು: ಗುಮ್ಮಟವನ್ನು ಕಮಾನುಗಳ ಮೇಲೆ ನಿಲ್ಲಿಸಿದಾಗ ಉಳಿಯುವ ತ್ರಿಕೋನಾಕಾರದ ಜಾಗಗಳಲ್ಲಿ ಸುಂದರ ಚಿತ್ರಗಳಿವೆ, ಆದರೆ ಆ ಜಾಗಗಳು ಚಿತ್ರಕ್ಕಾಗಿ ಹುಟ್ಟಿದವಲ್ಲ. ಕನ್ನಡದ ವಿದ್ಯಾರ್ಥಿಗೆ ವಿಜಯಪುರದ ಗೋಳಗುಮ್ಮಟವೇ ಸಾಕು. ಅದರ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಮ್ಮೆ ಕೂಗಿದರೆ ಹಲವು ಬಾರಿ ಕೇಳಿಸುತ್ತದೆ. ಪ್ರವಾಸಿಗಳು ಹೋಗುವುದೇ ಪ್ರತಿಧ್ವನಿಗಾಗಿ. ಹಾಗೆಂದು ಮುಹಮ್ಮದ್ ಆದಿಲ್‌ಶಾಹನ ಸಮಾಧಿಯ ಮೇಲೆ ಗುಮ್ಮಟವೆತ್ತಿದ್ದು ಪ್ರತಿಧ್ವನಿಗಾಗಿಯೇ? ಅಷ್ಟು ದೊಡ್ಡ ದುಂಡು ಗುಮ್ಮಟವೆತ್ತಿದಾಗ ಪ್ರತಿಧ್ವನಿ ಜೊತೆಗೇ ಬರುತ್ತದೆ. ಈಗಿನ ಉಪಯೋಗದಿಂದ ಹುಟ್ಟಿನ ಕಾರಣವನ್ನು ನೇರವಾಗಿ ಊಹಿಸಲಾಗದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಕಟ್ಟಡ ಸಿಗಲಾರದು.

ಹಾಗಾದರೆ ಹೊಂದಾಣಿಕೆಯ ವಿವರಣೆಗಳೆಲ್ಲ ಕಾರಣಕಥೆಗಳೇ? ಅಲ್ಲ. ಇಲ್ಲಿ ಪದವೊಂದರ ಕೌತುಕವನ್ನು ಗಮನಿಸಬೇಕು. ಜಾನಪದಶಾಸ್ತ್ರದಲ್ಲಿ ಈ ಕಥೆಗಳಿಗೆ ಕೊಟ್ಟಿರುವ ಇಂಗ್ಲಿಷ್ ವಿಶೇಷಣವನ್ನೇ, 'ಈಟಿಯಾಲಾಜಿಕಲ್' ಎಂಬುದನ್ನು, ಅಂಗಗಳ ಕಾರ್ಯವನ್ನು ಕುರಿತ ಒಂದು ತಾತ್ವಿಕ ಸಿದ್ಧಾಂತಕ್ಕೂ ಕೊಡಲಾಗಿದೆ. ಲ್ಯಾರಿ ರೈಟ್ ೧೯೭೩ರಲ್ಲಿ ಮಂಡಿಸಿದ ಆ ಸಿದ್ಧಾಂತದ ಪ್ರಕಾರ ಹೃದಯದ ಕಾರ್ಯ ರಕ್ತ ಹರಿಸುವುದು ಎಂದರೆ, ರಕ್ತ ಹರಿಸುವುದರಿಂದಲೇ ಹೃದಯವೆಂಬುದು ಇದೆ ಎಂದರ್ಥ. ಹೃದಯವು ಲಬ್ ಡಬ್ ಸದ್ದನ್ನೂ ಮಾಡುತ್ತದೆ, ವೈದ್ಯರಿಗೆ ಅದರಿಂದ ಉಪಯೋಗವೂ ಇದೆ. ಆದರೆ ಸದ್ದಿನಿಂದಾಗಿ ಹೃದಯ ಉಳಿದು ಬಂದಿಲ್ಲ. ಕಥೆಗೂ ಸಿದ್ಧಾಂತಕ್ಕೂ ಇರುವ ವ್ಯತ್ಯಾಸ ಹಿಂದಿನ ಕಾಲಕ್ಕೆ ಹೋಗುವುದರಲ್ಲಿಲ್ಲ, ಎರಡೂ ಹಿಂದಕ್ಕೇ ಹೋಗುತ್ತವೆ. ಕಥೆಯ ಘಟನೆ ಒಮ್ಮೆ ನಡೆದು ಮುಗಿದುದು. ಅದು ಬೇರೆ ಏನನ್ನೂ ಊಹಿಸಲು ಬಿಡುವುದಿಲ್ಲ. ಆಯ್ಕೆಯ ವಿವರಣೆಯಿಂದ ಪರೀಕ್ಷಿಸಬಹುದಾದ ಹೊಸ ಮಾತುಗಳು ಹೊರಡಬೇಕು. ಹೊರಡದಿದ್ದರೆ ಅದು ಕಥೆಯೇ ಸರಿ.

ಬಿದಿರಿನ ಹೂವು ಇದಕ್ಕೆ ಒಳ್ಳೆಯ ನಿದರ್ಶನ. ಬಿದಿರು ಹೂ ಬಿಟ್ಟರೆ ಬರಗಾಲವೆಂಬ ನಂಬಿಕೆ ಮಲೆನಾಡಿನಲ್ಲಿಯೂ ಇದೆ, ಈಶಾನ್ಯ ಭಾರತದಲ್ಲಿಯೂ ಇದೆ. ಮಿಜೋರಾಮಿನಲ್ಲಿ ಸುಮಾರು ೪೮ ವರ್ಷಗಳಿಗೊಮ್ಮೆ ಬಿದಿರು ಸಾಮೂಹಿಕವಾಗಿ ಹೂತು, ಬೀಜ ಉದುರಿಸಿ ಸಾಯುತ್ತದೆ. ಬೀಜ ತಿಂದು ಹೆಚ್ಚಿದ ಇಲಿಗಳು ಬಳಿಕ ಹೊಲಗಳಿಗೆ ನುಗ್ಗುತ್ತವೆ. ೧೯೫೮-೫೯ರ ಹೂವಿನ ನಂತರ ಬಂದ ಕ್ಷಾಮ ಅಲ್ಲಿನ ರಾಜಕೀಯ ಇತಿಹಾಸವನ್ನೇ ಬದಲಿಸಿತು. ೨೦೦೬-೦೮ರಲ್ಲಿ ಅದು ಮರುಕಳಿಸಿತು. ಇಲ್ಲಿ ನಂಬಿಕೆಯೆಂದು ಬರೆದುಕೊಂಡದ್ದರಲ್ಲಿ ನಿಜವಾದ ಕಾರ್ಯಕಾರಣ ಸರಪಣಿಯೊಂದು ಅಡಗಿದೆ. ಆದರೆ ಬಿದಿರು ಹಾಗೇಕೆ ಹೂ ಬಿಡುತ್ತದೆ? ಮೇಯರ್ ೧೯೬೧ರಲ್ಲಿ ಬಿಡಿಸಿ ತೋರಿಸಿದಂತೆ ಈ 'ಏಕೆ'ಗೆ ಎರಡು ಮುಖಗಳಿವೆ: ಗಿಡದೊಳಗೆ ಏನು ನಡೆದು ಹೂವಾಯಿತೆಂಬ ಸಮೀಪದ ಕಾರಣ, ಇಂಥ ಸ್ವಭಾವ ವಂಶದಲ್ಲಿ ಏಕೆ ನೆಲೆಗೊಂಡಿತೆಂಬ ದೂರದ ಕಾರಣ. ಡೇನಿಯಲ್ ಜಾನ್ಜೆನ್ ೧೯೭೬ರಲ್ಲಿ ಎರಡನೆಯದಕ್ಕೆ ಉತ್ತರ ಸೂಚಿಸಿದರು. ಎಲ್ಲ ಗಿಡಗಳೂ ಒಟ್ಟಿಗೆ ಬೀಜ ಉದುರಿಸಿದರೆ ಇಲಿ ಹೆಗ್ಗಣಗಳು ಎಷ್ಟು ತಿಂದರೂ ಕೆಲವು ಬೀಜ ಉಳಿಯುತ್ತವೆ. ಗುಂಪು ಬಿಟ್ಟು ಮೊದಲೇ ಹೂತ ಗಿಡದ ಬೀಜ ಪೂರ್ತಿ ತಿಂದುಹೋಗುತ್ತದೆ. ಇದು ನಿಜವಾದರೆ ಹೊತ್ತು ತಪ್ಪಿ ಹೂವಿಟ್ಟ ಮೆಳೆಗಳಲ್ಲಿ ಬೀಜನಾಶ ಹೆಚ್ಚಿರಬೇಕು. ಕಾಡಿಗೆ ಹೋಗಿ ಎಣಿಸಿ ನೋಡಬಹುದು. ರಾಮನ ಬೆರಳುಗಳ ವಿಷಯದಲ್ಲಿ ಹಾಗೆ ಎಣಿಸುವುದಕ್ಕೆ ಏನೂ ಇಲ್ಲ.

ಯಾರೂ ನೋಡಿಲ್ಲವೆಂಬ ಆಕ್ಷೇಪಕ್ಕೆ ಉತ್ತರ ಕನ್ನಡ ಎಂ.ಎ. ತರಗತಿಯ ಭಾಷಾವಿಜ್ಞಾನದಲ್ಲಿಯೇ ಇದೆ. ಹಳಗನ್ನಡದ ಪಾಲ್, ಪುಲಿ, ಪೂ ಎಂಬವು ಹಾಲು, ಹುಲಿ, ಹೂ ಆದವು. ಪಕಾರ ಹಕಾರವಾದ ದಿನವನ್ನು ಯಾರೂ ಕಂಡಿಲ್ಲ. ಪಕಾರವಾಡುವ ತಾಯಿಗೆ ಹಕಾರವಾಡುವ ಮಗು ಹುಟ್ಟಿ ಮಾತು ತಿಳಿಯದೆ ಹೋದ ಪ್ರಸಂಗವೂ ಇಲ್ಲ. ಪ್ರತಿಯೊಂದು ತಲೆಮಾರೂ ಹಿಂದಿನದರೊಡನೆ ಮಾತನಾಡಿತು, ಆದರೂ ಭಾಷೆ ಬದಲಾಯಿತು. ಶಾಸನಗಳು ನಡುವಿನ ಕೆಲವು ಮೆಟ್ಟಿಲುಗಳನ್ನು ಉಳಿಸಿವೆ, ಎಲ್ಲವನ್ನೂ ಅಲ್ಲ. ಪಳೆಯುಳಿಕೆಗಳ ಸ್ಥಿತಿಯೂ ಇದೇ. ಕನ್ನಡವು ಇಂದಿನ ತಮಿಳಿನಿಂದ ಹುಟ್ಟಿತೆ ಎಂದು ಕೇಳಿದರೆ ಇಲ್ಲ, ಎರಡಕ್ಕೂ ಸಮಾನವಾದ ಮೂಲವೊಂದಿತ್ತು ಎಂದು ವಿದ್ಯಾರ್ಥಿ ಥಟ್ಟನೆ ಹೇಳುತ್ತಾನೆ. ಮನುಷ್ಯನು ಇಂದಿನ ಕೋತಿಯಿಂದ ಹುಟ್ಟಿದನೆ ಎಂಬ ಪ್ರಶ್ನೆಗೂ ಉತ್ತರದ ರೂಪ ಅದೇ. ಗ್ರಂಥಸಂಪಾದನೆಯಲ್ಲಿಯೂ ಹೀಗೆಯೇ: ಎರಡು ಓಲೆಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯವಿದ್ದರೆ ಅವು ಒಂದೇ ಮಾತೃಕೆಯಿಂದ ಬಂದವೆಂದು ತಿಳಿಯುತ್ತೇವೆ, ಲಿಪಿಕಾರ ಬರೆದದ್ದನ್ನು ನೋಡಿದವರು ಬೇಕಾಗಿಲ್ಲ. ಜಮ್‌ಶಿದ್ ತೆಹ್ರಾನಿ ೨೦೧೩ರಲ್ಲಿ ಕೆಂಪು ಟೋಪಿಯ ಹುಡುಗಿಯ ಕಥೆ ಮತ್ತು ಅದರ ನಂಟಿನ ಕಥೆಗಳ ೫೮ ಪಾಠಗಳನ್ನು ಜೀವವಿಜ್ಞಾನಿಗಳು ಬಳಸುವ ವಂಶಾವಳಿಯ ಗಣಿತದಿಂದಲೇ ವಿಂಗಡಿಸಿದರು. ಪೂರ್ವ ಏಷ್ಯಾದ ಪಾಠಗಳು ಎರಡು ಕಥೆಗಳ ಬೆರಕೆಯೆಂದು ಕಂಡುಬಂದಿತು. ಹೋಲಿಕೆಗೆ ಮಿತಿಯೂ ಇದೆ. ಕಥೆ ಪಕ್ಕದ ಊರಿನ ಕಥೆಯೊಡನೆ ಸುಲಭವಾಗಿ ಬೆರೆಯುತ್ತದೆ, ಹಸು ಆನೆಯೊಡನೆ ಬೆರೆಯುವುದಿಲ್ಲ. ಬ್ಯಾಕ್ಟೀರಿಯಗಳು ಮಾತ್ರ ಈ ವಿಷಯದಲ್ಲಿ ಕಥೆಗಾರರಂತೆಯೇ.

ಕನ್ನಡ ಸಾಹಿತ್ಯವು ಈ ಬೋಧನೆಗೆ ಹೊರಗಿನದೇನಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಸ್ಯಶಾಸ್ತ್ರದ ವಿದ್ಯಾರ್ಥಿಗಳೊಡನೆ ಕಾಡಿನಲ್ಲಿ ನಡೆದ ಪಾಠದ ಕಥನ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ದಲ್ಲಿ ವಿಜ್ಞಾನಿಗೆ ಹಾರುವ ಓತಿಯ ದಾರಿ ತೋರುವವನು ಹಳ್ಳಿಯ ಮಂದಣ್ಣ. ಎರಡೂ ಕೃತಿಗಳನ್ನು ಕನ್ನಡ ವಿಭಾಗಗಳು ಶೈಲಿಗಾಗಿ, ಹಾಸ್ಯಕ್ಕಾಗಿ ಓದಿಸುತ್ತ ಬಂದಿವೆ. ಅವುಗಳಲ್ಲಿರುವ ಜೀವವಿಜ್ಞಾನದ ಪ್ರಶ್ನೆಗಳನ್ನು ಪ್ರಶ್ನೆಪತ್ರಿಕೆ ಕೇಳುವುದು ವಿರಳ.

ಒಂದು ಜೀವಿ ಎಂದರೆ ಎಷ್ಟು ಎಂಬ ಪ್ರಶ್ನೆಗೆ ಅಡುಗೆಮನೆಯ ಮಸಾಲೆ ಡಬ್ಬಿಯಿಂದಲೇ ಹೊರಡಬಹುದು. ಕಲ್ಲುಹೂವು ಹೂವಲ್ಲ, ಸೈಮನ್ ಶ್ವೆಂಡೆನರ್ ೧೮೬೦ರ ದಶಕದಲ್ಲಿ ತೋರಿಸಿದಂತೆ ಅದು ಒಂದು ಜೀವಿಯೂ ಅಲ್ಲ, ಶಿಲೀಂಧ್ರ ಮತ್ತು ಪಾಚಿಯ ಸಹವಾಸ. ಅಲ್ಲಿಂದ ಮುಂದೆ ಬೆಂಗಳೂರಿನ ಸಮೀಪದ ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೆ ಹೋಗಬಹುದು. ಸುಮಾರು ಮೂರು ಎಕರೆ ಹರಡಿದ ಆ ಮರದ ಮೂಲಕಾಂಡ ರೋಗದಿಂದ ನಾಶವಾಗಿದೆ. ಕೋಲ್ಕತ್ತದ ಸಸ್ಯೋದ್ಯಾನದ ಮಹಾ ಆಲದ ಮೂಲಕಾಂಡವನ್ನು ೧೯೨೫ರಲ್ಲಿಯೇ ಕಡಿದು ತೆಗೆಯಲಾಯಿತು. ಬಿಳಲುಗಳೇ ಕಂಬಗಳಾಗಿ ನಿಂತಿರುವಲ್ಲಿ ಈಗ ಇರುವುದು ಅದೇ ಮರವೋ, ಹಲವು ಮರಗಳೋ? ಗಿಸೆಲಿನ್ ೧೯೭೪ರಲ್ಲಿಯೂ ಹಲ್ ೧೯೭೮ರಲ್ಲಿಯೂ ಪ್ರಭೇದವೆಂಬುದು ಒಂದು ವರ್ಗವಲ್ಲ, ಕಾಲದಲ್ಲಿ ಹುಟ್ಟಿ ಹರಡಿ ಅಳಿಯುವ ಒಂದು ವ್ಯಕ್ತಿ ಎಂದು ವಾದಿಸಿದಾಗ ಕೇಳುಗರಿಗೆ ಅದು ವಿಚಿತ್ರವಾಗಿ ಕಂಡಿತ್ತು. ಆಲದ ನೆರಳಿನಲ್ಲಿ ನಿಂತು, ಬುಡ ಯಾವುದೆಂದು ಹುಡುಕುತ್ತ, ಒಂದು ಬಿಳಲಿನಿಂದ ಇನ್ನೊಂದಕ್ಕೆ ಮೇಲಿನ ಕೊಂಬೆಯ ಜಾಡು ಹಿಡಿದು ನಡೆದ ವಿದ್ಯಾರ್ಥಿಗೆ ಆ ವಾದ ಅಷ್ಟು ವಿಚಿತ್ರವಾಗಿ ಕಾಣಲಾರದು.